ಬಸಪ್ಪ ಆರಿಸಿದ ಜಡ್ಜು

ನಾನು ಹೆದರಿದ್ದು ಹುಟ್ಟಿದಾಗಿನಿಂದ ಒಂದೇ ಸಲ. ಬೇಕಾದರೆ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಈ ನಾಲ್ಕು ತಾಲ್ಲೂಕಿನ ಯಾವ ದನದ ಸಂತೆಯಲ್ಲಾದರೂ ವಿಚಾರಿಸಿ. ದಳ್ಳಾಳಿ ಕುಳ್ಳಯ್ಯ ಬಂದ ಅಂದರೆ ಗೂಟಕ್ಕೆ ಕಟ್ಟಿದ ಹೋರಿಗಳು ತಾವಾಗಿಯೇ ಬಾಯಿ ತೆರೆದು ಹಲ್ಲು ತೋರಿಸುತ್ತಿದ್ದವು. ಹೆಸರಿಗೆ ಕುಳ್ಳಯ್ಯ, ಆದರೆ ನಾನು ಬಸ್ಸಿನೊಳಗೆ ನೆಟ್ಟಗೆ ನಿಂತರೆ ಟಾಪಿನ ಮೇಲಿನ ಮೂಟೆಗಳು ಅಲುಗಾಡುತ್ತವೆ. ಅಂಥವನು ಹೆದರಿದ್ದು ಒಂದೇ ಸಲ. ಪೇಚೇನೆಂದರೆ, ಆವತ್ತು ಶುರುವಾದ ಹೆದರಿಕೆ ಇನ್ನೂ ಮುಗಿದಿಲ್ಲ.

ಈಗ ನಾನು ಸುಳ್ಳು ಹೇಳುವ ಹಾಗಿಲ್ಲ. ಯಾಕೆಂದು ಮುಂದೆ ಗೊತ್ತಾಗುತ್ತದೆ. ಸ್ವಲ್ಪ ಉಬ್ಬಿಸಬಹುದೇ ಎಂದು ನಮ್ಮ ನಿಂಗರಾಜುವನ್ನು ಫೋನಿನಲ್ಲಿ ಕೇಳಿದೆ. ಕೇಳುವವನಿಗೆ ಅದು ಉಬ್ಬಿಸಿದ ಮಾತೆಂದು ಗೊತ್ತಿದ್ದರೆ ಕಾನೂನಿನಲ್ಲಿ ಅದು ಸುಳ್ಳಿನ ಲೆಕ್ಕಕ್ಕೆ ಬರುವುದಿಲ್ಲ ಎಂದ. ಜಡ್ಜೇ ಹೇಳಿದ ಮೇಲೆ ಇನ್ನೇನು.

ನಿಂಗರಾಜು ನನ್ನ ಅಕ್ಕ ದ್ಯಾವಮ್ಮನ ಮಗ. ಊರು ಹೊಂಗೆಕಟ್ಟೆ ಕೊಪ್ಪಲು, ಕೆ.ಆರ್. ಪೇಟೆ ತಾಲ್ಲೂಕು, ದಿಲ್ಲಿಗಿಂತ ಹಳೆಯದು. ನಾನು ಆ ಊರಿನವನಲ್ಲ. ಭಾವ ತೀರಿಕೊಂಡಾಗ ಅಕ್ಕನ ಆಸರೆಗೆಂದು ನಾಗಮಂಗಲದ ಕಡೆಯಿಂದ ಬಂದು ನಿಂತವನು. ಆಗ ಹುಡುಗನಿಗೆ ಆರು ವರ್ಷ. ಅವನ ಬಾಯಿ ಆಗಲೇ ಎಂಥದಿತ್ತೆಂದರೆ, ಎಮ್ಮೆ ಹಾಲು ಕೊಡದಿದ್ದರೆ ಅವನನ್ನು ಕೊಟ್ಟಿಗೆಗೆ ಕಳಿಸುತ್ತಿದ್ದೆವು. ಎಮ್ಮೆಯ ಜೊತೆ ವಾದ ಮಾಡಿ ತಂಬಿಗೆ ತುಂಬಿಸಿಕೊಂಡು ಬರುತ್ತಿದ್ದ.

ಮೈಸೂರಿನಲ್ಲಿ ಕಾನೂನು ಓದಿ ಕೆ.ಆರ್. ಪೇಟೆಯ ಕೋರ್ಟಿನಲ್ಲಿ ಕರಿಕೋಟು ಹಾಕಿದ. ಅವನು ವಾದಕ್ಕೆ ನಿಂತರೆ ಹೊರಗಿನ ಮರದಲ್ಲಿ ಕಾಗೆಗಳು ಕೂಗು ನಿಲ್ಲಿಸಿ ಕೇಳುತ್ತಿದ್ದವು. ಅಷ್ಟರಲ್ಲಿ ಮದುವೆಯಾಯಿತು. ಹೆಂಡತಿ ಹೇಮಶ್ರೀ ಆದಿಚುಂಚನಗಿರಿಯಲ್ಲಿ ನರ್ಸಿಂಗ್ ಓದಿದ ಹುಡುಗಿ. ಅವಳಿಗೆ ಕೆನಡಾದಲ್ಲಿ ಕೆಲಸ ಸಿಕ್ಕಿತು, ಇವನು ಅವಳ ಹಿಂದೆ ಹೋದ. ಅಲ್ಲಿ ನಮ್ಮ ಕರಿಕೋಟಿಗೆ ಬೆಲೆ ಇರಲಿಲ್ಲ. ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ಮಿಕ್ಕ ಹೊತ್ತಿನಲ್ಲಿ ಅವರ ಕಾನೂನನ್ನು ಮೊದಲಿನಿಂದ ಓದಿದ. ಅವನು ತೊಳೆದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದ್ದರೆ ಮೇಲುಕೋಟೆಯ ಬೆಟ್ಟ ಕುಳ್ಳಾಗಿ ಕಾಣುತ್ತಿತ್ತು. ಪರೀಕ್ಷೆ ಪಾಸಾಗಿ ಮತ್ತೆ ಲಾಯರಾದ. ಅವನ ಹತ್ತಿರ ಬರುತ್ತಿದ್ದವರೆಲ್ಲ ಅವನ ಹಾಗೆಯೇ ಹೊರಗಿನಿಂದ ಬಂದು ಸೇರಿದವರು. ಇರಲು ಬಿಡುತ್ತಾರೋ, ವಾಪಸ್ಸು ಅಟ್ಟುತ್ತಾರೋ ಎಂದು ನಡುಗುತ್ತಿದ್ದವರು. ಅವರೇ ಮುಂದೆ ನಿಂತು ಅವನನ್ನು ಆ ಊರಿನ ನಗರಸಭೆಯ ಚುನಾವಣೆಗೆ ನಿಲ್ಲಿಸಿದರು.

ಆ ಚುನಾವಣೆ ಗೆಲ್ಲಿಸಿದವನು ನಾನು. "ಮಾವ, ಇಲ್ಲಿ ಬಾಗ್ಲು ತಟ್ಟುದ್ರೆ ಯಾರೂ ತೆಗಿಯಲ್ಲ" ಅಂತ ಫೋನಿನಲ್ಲಿ ಗೋಳಾಡಿದ. "ಮುಂದ್ಲು ಬಾಗ್ಲು ಯಾಕ್ಲಾ ತಟ್ಟೀಯ. ಅಡ್ಗೆಮನೆ ಕಡೆಯಿಂದ ಓಗು. ಮುದುಕೀರ್ನ ಮಂಡಿನೋವು ಎಂಗದೆ ಅಂತ ಕೇಳು. ಓಟಿನ ಮಾತು ಎತ್ಲೇಬ್ಯಾಡ" ಅಂದೆ. ಆಳೆತ್ತರದ ಹಿಮದಲ್ಲಿ ಹಾಗೆಯೇ ಮಾಡಿದನಂತೆ. ಗೆದ್ದ. ಎರಡನೇ ಸಲವೂ ಗೆದ್ದ. ಆಮೇಲೆ ರಾಜಕೀಯ ಬಿಟ್ಟು ಮತ್ತೆ ಕೋರ್ಟಿಗೆ ಹೋಗಿ ಹೆಸರು ಮಾಡಿದ. ಹೋದ ವರ್ಷ ಅಲ್ಲಿಯ ಸರ್ಕಾರ ಅವನನ್ನೇ ಜಡ್ಜಾಗಿ ಆರಿಸಿತು. ಪ್ರಮಾಣವಚನಕ್ಕೆ ಮುಂಚೆ ನಮ್ಮ ಊರದೇವರು ಕಟ್ಟೆ ಬೋರಪ್ಪನಿಗೆ ಕೈ ಮುಗಿದು ಹೋಗಲಿ ಎಂದು ಅಕ್ಕ ಹಟ ಹಿಡಿದಳು. ಒಂದು ವಾರದ ಮಟ್ಟಿಗೆ ಬಂದ. ಮುಂದಿನ ಗುರುವಾರ ಅಲ್ಲಿ ಪೀಠದ ಮೇಲೆ ಕೂರಬೇಕು, ತಪ್ಪಿದರೆ ಆ ಜಾಗ ಬೇರೆಯವರ ಪಾಲಾಗುತ್ತದೆ ಎಂದು ಬಂದವನೇ ಹೇಳಿದ್ದ.

ಅಂಥ ಅಳಿಯನಿಗೆ ಹೂವಿನ ಹಾರ ಹಾಕಿದರೆ ನನ್ನ ಮರ್ಯಾದೆ ಏನಾಗಬೇಕು? ಸೇಬಿನ ಹಾರ ಈಗ ಪುಡಿ ಲೀಡರುಗಳಿಗೂ ಹಾಕುತ್ತಾರೆ. ನಾನು ಪಾಂಡವಪುರದ ಕಡೆಯ ಆಲೆಮನೆಗೆ ಹೋಗಿ ಅಚ್ಚುಬೆಲ್ಲದ ಹಾರ ಮಾಡಿಸಿದೆ. ಪಾಕ ಬಿಸಿಯಿದ್ದಾಗಲೇ ಅಚ್ಚಿನ ನಡುವೆ ಕಡ್ಡಿ ಚುಚ್ಚಿ ತೂತು ಮಾಡಿ, ಹಗ್ಗಕ್ಕೆ ಪೋಣಿಸಿದ ಹಾರ. ಅದನ್ನು ಎತ್ತುವಾಗ ಜೆಸಿಬಿಯ ಹಿಂದಿನ ಗಾಲಿಗಳು ನೆಲ ಬಿಟ್ಟಿದ್ದನ್ನು ನೂರು ಜನ ನೋಡಿದ್ದಾರೆ. ಊರ ಬಾಗಿಲಿನಲ್ಲಿ ನಿಂಗರಾಜುವಿಗೆ ಮೈಸೂರು ಪೇಟ ಇಟ್ಟು, ಕೆಂಪು ಶಾಲು ಹೊದಿಸಿ, ಮೇಲಿನಿಂದ ಹಾರ ಇಳಿಬಿಟ್ಟೆವು. "ಮಾವ, ಕತ್ತು ಮುರೀತದೆ" ಅಂದ. "ಜಡ್ಜಿನ ಕತ್ತು ಕಣ್ಲಾ, ಮುರಿಯಾಕಿಲ್ಲ" ಅಂದೆ.

ಏಪ್ರಿಲ್ ಬಿಸಿಲು. ಟ್ರಾಕ್ಟರಿನ ಮೇಲೆ ಅವನನ್ನು ನಿಲ್ಲಿಸಿಕೊಂಡು ಗುಡಿಯ ಮುಂದಿನ ಬಯಲಿಗೆ ಬರುವಷ್ಟರಲ್ಲಿ ಬೆಲ್ಲ ಬೆವರತೊಡಗಿತ್ತು. ಅಲ್ಲಿ ಹಾರ ಇಳಿಸಿದೆವು. ಇಳಿಸಿದ್ದೇ ತಡ, ಊರಿಗೆ ಊರೇ ನುಗ್ಗಿ ಒಂದೊಂದು ಅಚ್ಚು ಕಿತ್ತು ಬಾಯಿಗೆ ಹಾಕಿಕೊಂಡಿತು. ಹಗ್ಗ ಒಂದು ಉಳಿಯಿತು. ನಾನೂ ಒಂದು ಅಚ್ಚನ್ನು ಜೇಬಿಗಿಳಿಸಿದೆ.

ಇಲ್ಲಿ ಬಸಪ್ಪನ ವಿಷಯ ಹೇಳಬೇಕು. ಬೋರಪ್ಪನ ಹೆಸರಿನಲ್ಲಿ ಬಿಟ್ಟ ಹೋರಿ ಅವನು. ಅಚ್ಚ ಬಿಳಿ ಹಳ್ಳಿಕಾರ್ ತಳಿ. ಕೊಂಬು ಎಷ್ಟು ಉದ್ದವೆಂದರೆ ಹದ್ದುಗಳು ಸುತ್ತು ಬಳಸಿ ಹೋಗುತ್ತವೆ. ಕೊರಳಿಗೆ ನಾಗಮಂಗಲದಲ್ಲಿ ಎರಕ ಹೊಯ್ಸಿದ ಗಂಟೆ. ಅವನಿಗೆ ಮೂಗುದಾರವಿಲ್ಲ, ಹಿಡಿಯುವವರಿಲ್ಲ. ಹೊಲದ ಬದುವಿನ ತಕರಾರು, ಕಳ್ಳತನದ ಅನುಮಾನ, ಅಣ್ಣತಮ್ಮಂದಿರ ಜಗಳ ಎಲ್ಲ ಅವನ ಮುಂದೆ ಬರುತ್ತವೆ. ಬಲಗಾಲು ಎತ್ತಿ ಹೇಳಿದವನ ಅಂಗೈ ಮೇಲೆ ಇಟ್ಟರೆ ಮಾತು ನಿಜ, ಮುಖ ತಿರುಗಿಸಿದರೆ ಸುಳ್ಳು. ಅವನ ಪೂಜೆ ಮಾಡಿಕೊಂಡು, ಅವನ ತೀರ್ಪನ್ನು ಜನಕ್ಕೆ ಬಾಯಿಬಿಟ್ಟು ಹೇಳುವವನೇ ಗುಡ್ಡಪ್ಪ. ಗುಡ್ಡಪ್ಪನಾದವನು ಚಪ್ಪಲಿ ಮೆಟ್ಟುವಂತಿಲ್ಲ, ಊರು ಬಿಟ್ಟು ಒಂದು ರಾತ್ರಿಯೂ ಹೊರಗೆ ತಂಗುವಂತಿಲ್ಲ, ಸುಳ್ಳಾಡುವಂತಿಲ್ಲ, ಸಾಯುವ ತನಕ. ಅವನನ್ನು ಊರಿನವರು ಆರಿಸುವುದಿಲ್ಲ, ಬಸಪ್ಪನೇ ಆರಿಸುತ್ತಾನೆ. ಹಳೆಯ ಗುಡ್ಡಪ್ಪ ಸುಗ್ಗಿಯ ಹೊತ್ತಿಗೆ ತೀರಿಕೊಂಡಿದ್ದ. ಜಾಗ ಖಾಲಿಯಿತ್ತು. ಅಂದಿನಿಂದ ಊರಿನ ಗಂಡಸರು ಗಂಟೆಯ ಸದ್ದು ಕೇಳಿದರೆ ಬೇರೆ ಓಣಿಗೆ ತಿರುಗುತ್ತಿದ್ದರು.

ನಿಂಗರಾಜು ಭಾಷಣ ಶುರು ಮಾಡಿದ. ಎಂಥ ಭಾಷಣ. ಪೆಂಡಾಲಿನ ಕಂಬಗಳು ತಲೆದೂಗುತ್ತಿದ್ದವು. "ನಾನು ಎಲ್ಲಿದ್ರೂ ಈ ಊರಿನ ಮಣ್ಣು" ಎನ್ನುವಲ್ಲಿಗೆ ಬಂದಿದ್ದ, ಹಿಂದಿನ ಸಾಲಿನಲ್ಲಿ ಗಂಟೆ ಕೇಳಿಸಿತು.

ಜನ ಎರಡು ಭಾಗವಾದರು. ಬಸಪ್ಪ ಅವಸರವಿಲ್ಲದೆ ನಡೆದು ಬಂದ. ಮುಂದಿನ ಸಾಲಿನಲ್ಲಿದ್ದ ಊರಿನ ಯಜಮಾನ ಚಿಕ್ಕಸ್ವಾಮಿ ಕುರ್ಚಿಯನ್ನು ಬೆನ್ನಿನಿಂದಲೇ ಹಿಂದಕ್ಕೆ ಸರಿಸಿದ. ಬಸಪ್ಪ ಅವನ ಕಡೆ ನೋಡಲಿಲ್ಲ. ನಿಂಗರಾಜುವಿನ ಮುಂದೆ ನಿಂತು ಅವನ ಶಾಲಿನ ಮೇಲೆ ಉಸಿರು ಬಿಟ್ಟ. ಆಮೇಲೆ ಹಣೆಯನ್ನು ಅವನ ಎದೆಗೆ ಒತ್ತಿದ.

ನಿಂಗರಾಜು ಒಂದು ಹೆಜ್ಜೆ ಹಿಂದೆ ಹೋದ. ಬಸಪ್ಪ ಒಂದು ಹೆಜ್ಜೆ ಮುಂದೆ ಬಂದ. ಮೈಕಿನ ವೈರು ಕಾಲಿಗೆ ಸಿಕ್ಕಿ ಮೈಕು ಬಿತ್ತು. ಎದೆಗೆ ಒತ್ತಿದ ಹಣೆ ತೆಗೆಯದೆ, ಗುದ್ದದೆ, ನೋಯಿಸದೆ, ಅವನನ್ನು ಹಿಂದಕ್ಕೆ ಹಿಂದಕ್ಕೆ ನಡೆಸಿಕೊಂಡು ಬಯಲು ದಾಟಿಸಿ ಗುಡಿಯ ಮೆಟ್ಟಿಲಿಗೆ ತಂದು ನಿಲ್ಲಿಸಿದ. ಪೇಟ ಎಲ್ಲೋ ಉರುಳಿಹೋಗಿತ್ತು. ಯಾರೋ ಕರ್ಪೂರ ಹಚ್ಚಿದರು. ಯಜಮಾನ ಚಿಕ್ಕಸ್ವಾಮಿ, ನನ್ನ ಅಳಿಯನ ಅಪ್ಪನ ವಯಸ್ಸಿನವನು, ಹೆಗಲ ಮೇಲಿನ ಟವೆಲು ತೆಗೆದು ಸೊಂಟಕ್ಕೆ ಸುತ್ತಿಕೊಂಡು ಅವನ ಕಾಲ ಮುಂದೆ ಉದ್ದಕ್ಕೆ ಬಿದ್ದ.

ನಿಂಗರಾಜು ಬಾಯಿ ತೆರೆದ. ಮಾತು ಬರಲಿಲ್ಲ.

ನಾನು ಹೆದರಿದ್ದು ಅದನ್ನು ನೋಡಿದಾಗ. ಯಾಕೆಂದರೆ ಅವನ ತಾತ ಜವರೇಗೌಡರ ಕತೆ ಆ ಬಯಲಿನಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆ ಕಾಲದ ಬಸಪ್ಪ ಜವರೇಗೌಡರನ್ನು ಆರಿಸಿದ್ದ. ಅವರು "ಒಲ್ಲೆ, ನಂಗೆ ನಾಟಿ ಅದೆ" ಎಂದು ಹೇಳಿ ಸಂಜೆಯ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ, ತಂಗಿಯ ಮನೆಗೆ, ತಪ್ಪಿಸಿಕೊಂಡು ಹೋದರು. ಬೆಳಿಗ್ಗೆ ಕಾವೇರಿಯಲ್ಲಿ ಮುಖ ತೊಳೆದು ಎದ್ದವರಿಗೆ ನಾಲಗೆ ತಿರುಗಲಿಲ್ಲ. ಡಾಕ್ಟರು ಅದಕ್ಕೊಂದು ಹೆಸರು ಹೇಳಿದರು, ಊರು ಬೇರೆಯದನ್ನು ಹೇಳಿತು. ಸಾಯುವ ತನಕ ಅವರು ಜಗುಲಿಯ ಮೇಲೆ ಕೂತು ಕೋಲಿನಿಂದ ನೆಲ ಕುಟ್ಟುತ್ತಿದ್ದರು. ಒಂದು ಸಲ ಕುಟ್ಟಿದರೆ ನೀರು, ಎರಡು ಸಲ ಕುಟ್ಟಿದರೆ ಊಟ. ನಿಂಗರಾಜು ಬೆಳೆದದ್ದು ಆ ಸದ್ದಿನ ಪಕ್ಕದಲ್ಲಿ. ಅವನು ಅಷ್ಟೊಂದು ಮಾತು ಕಲಿತದ್ದೂ ಅದಕ್ಕೇ ಇರಬೇಕು. ಈಗ ಅವನ ಅನ್ನವೂ ಅದೇ ನಾಲಗೆ. ನಾಲಗೆ ಹೋದ ಲಾಯರನ್ನು ಯಾರು ಜಡ್ಜು ಮಾಡುತ್ತಾರೆ? ಒಪ್ಪಿಕೊಂಡರೂ ಪೀಠ ಹೋಯಿತು, ಒಲ್ಲೆ ಅಂದರೂ ಹೋಯಿತು.

ಒಂದೇ ಒಂದು ಸಂದು ಉಳಿದಿತ್ತು. ಬಸಪ್ಪ ಆರಿಸಿದವನನ್ನು ಮಾರನೆಯ ದಿನ ಬೆಳಿಗ್ಗೆ ಊರಿನ ಎಲ್ಲ ಗಂಡಸರ ಸಾಲಿನಲ್ಲಿ ನಿಲ್ಲಿಸಬೇಕು. ಅಲ್ಲೂ ಅವನನ್ನೇ ಆರಿಸಿದರೆ ಖಾಯಂ. ಬೇರೆಯವನನ್ನು ಆರಿಸಿದರೆ ಅವನು ಗುಡ್ಡಪ್ಪ. ಹಾಗೆ ಬೇರೆಯವನನ್ನು ಆರಿಸಿದ್ದನ್ನು ಮಾತ್ರ ಊರಿನಲ್ಲಿ ಯಾರೂ ಕಂಡವರಿರಲಿಲ್ಲ.

ಮನೆಗೆ ಬಂದೆವು. ಬಸಪ್ಪನೂ ಬಂದ. ಒಳಗೆ ಬರಲಿಲ್ಲ, ಹೊಸಿಲಿನ ಆಚೆ, ಬಾಗಿಲಿನ ತುಂಬ ನಿಂತುಬಿಟ್ಟ. ಸಂಜೆಯ ಬೆಳಕು ಅವನ ಬೆನ್ನಿನ ಆಚೆಗೇ ಉಳಿಯಿತು. ನಡುಮನೆಯಲ್ಲಿ ನಾವು ಮೂವರು, ಅವನು ಉಸಿರು ಎಳೆದು ಬಿಡುವ ಸದ್ದು, ಆಗೊಮ್ಮೆ ಈಗೊಮ್ಮೆ ಗಂಟೆ.

ಅಕ್ಕ ಮಗನ ತಲೆ ನೇವರಿಸುತ್ತ ಮೆಲ್ಲಗೆ ಹೇಳಿದಳು. "ಒಲ್ಲೆ ಅಂತ ಮಾತ್ರ ಅನ್ಬ್ಯಾಡ ಕಣ್ಮಗ. ನಿಮ್ತಾತ ಕೊನೇದಾಗಿ ಆಡಿದ್ದು ಅದೇ ಮಾತು."

"ಅಂಗಾರೆ ಇಲ್ಲೇ ಇದ್ಬುಡ್ಲಾ ಅವ್ವ?" ಧ್ವನಿ ಬಂದಿತ್ತು, ಆದರೆ ಅವನದಲ್ಲದ ಧ್ವನಿ, ಬಿರುಕು ಬಿಟ್ಟ ಗಡಿಗೆಯ ಹಾಗೆ.

ಅಕ್ಕ ಒಲೆಯ ಮುಂದೆ ಹೋಗಿ ಕೂತಳು. ಇರು ಎನ್ನಲು ಅವಳ ಮನಸ್ಸು ಒಪ್ಪಲಿಲ್ಲ, ಹೋಗು ಎನ್ನಲು ಧೈರ್ಯ ಬರಲಿಲ್ಲ.

"ಮಾವ, ನಂಗೆ ಎದ್ರಿಕೆ ಆಯ್ತಾ ಅದೆ."

"ಯಾವನ್ಲಾ ಎದ್ರೋನು. ನಾನಿಲ್ವಾ" ಅಂದೆ. ನನ್ನ ಮಂಡಿಗಳು ಎಷ್ಟು ಜೋರಾಗಿ ಬಡಿದುಕೊಳ್ಳುತ್ತಿದ್ದವೆಂದರೆ ಅಟ್ಟದ ಮೇಲಿನ ಪಾತ್ರೆಗಳು ಸದ್ದು ಮಾಡಿದವು. ಬಾಗಿಲಿನ ಕಡೆ ನೋಡಬಾರದೆಂದು ಗೋಡೆ ನೋಡಿದೆ. ಗೋಡೆಯ ಗೂಟಕ್ಕೆ ಶಾಲು ನೇತುಹಾಕಿತ್ತು. ನೆಲದಿಂದ ಶಾಲಿನ ತನಕ ಕೆಂಪಿರುವೆಗಳ ಸಾಲು ಹತ್ತಿತ್ತು.

ಮುಟ್ಟಿದೆ. ಅಂಟು. ಬೆರಳು ನಾಲಗೆಗಿಟ್ಟೆ. ಸಿಹಿ.

"ನಿಂಗ, ಬೆಲ್ಲ ಕಣ್ಲಾ. ಆರ ಕರ್ಗಿ ಶಾಲ್ಗೆಲ್ಲಾ ಇಳ್ದದೆ. ಬಸಪ್ಪ ಬಂದಿದ್ದು ಬೆಲ್ಲದ ವಾಸ್ನೆಗೆ. ಲಕ್ಷ ಓರಿ ಕಂಡಿವ್ನಿ ನಾನು, ನಂಗೊತ್ತಿಲ್ವಾ?"

ನಿಂಗರಾಜು ಶಾಲಿನ ಹತ್ತಿರ ಬಂದು ಇರುವೆಗಳನ್ನು ಬಹಳ ಹೊತ್ತು ನೋಡಿದ. ಆ ಕ್ಷಣಕ್ಕೆ ಮತ್ತೆ ವಕೀಲನಾದ. "ಬೆಲ್ಲಕ್ಕೆ ಬಂದಿದ್ರೆ ನೆಕ್ಕಬೇಕಾಗಿತ್ತು ಮಾವ. ನೆಕ್ಕಲಿಲ್ಲ. ಗುಡಿ ಮೆಟ್ಲಿಗೇ ಯಾಕೆ ಕರ್ಕೊಂಡೋಯ್ತು? ಅನುಮಾನ ಇದ್ರೆ ಅದ್ರ ಲಾಭ ಆರೋಪಿಗೆ ಅಂತೀವಿ ಕೋರ್ಟಲ್ಲಿ. ಇಲ್ಲಿ ಯಾರಿಗೆ ಕೊಡನ? ನಂಗಾ, ಬಸಪ್ಪಂಗಾ?"

"ಅದೆಲ್ಲಾ ನಂಗ್ಗೊತ್ತಿಲ್ಲ. ಯಜಮಾನ್ರತ್ರ ಓಗಿ ಯೋಳ್ತೀನಿ."

"ನಿನ್ ಮಾತ ಯಾರು ನಂಬ್ತಾರೆ? ಕನ್ನಂಬಾಡಿ ಕಟ್ಟೇಲಿ ಮೊಸಳೆ ಬೆನ್ಮೇಲೆ ಕೂತು ದಡ ಸೇರ್ದೆ ಅಂತ ಬೆಳಿಗ್ಗೆ ತಾನೆ ಮೈಕಲ್ಲಿ ಯೋಳಿದ್ದೀಯ."

"ಅದು ನಿಜ ಕಣ್ಲಾ."

"ನಿನ್ ಸಾಕ್ಷಿ ಯಾವ ಕೋರ್ಟಲ್ಲೂ ನಿಲ್ಲಾಕಿಲ್ಲ ಮಾವ." ಅವನು ನಗಲಿಲ್ಲ. ಹಾರವೇ ಸಾಕ್ಷಿ ಅನ್ನೋಣವೆಂದರೆ ಅದನ್ನು ಊರಿನವರೆಲ್ಲ ತಿಂದು ಮುಗಿಸಿದ್ದರು.

ಒಲೆಯ ಮುಂದಿನಿಂದ ಅಕ್ಕನ ಮಾತು ಬಂತು, ಪಿಸುಮಾತಿಗಿಂತ ಸಣ್ಣದಾಗಿ. "ಬೆಲ್ಲ ಗಿಲ್ಲ ಅಂತ ಬಾಯ್ಬುಟ್ಟು ಅನ್ಬ್ಯಾಡ ಕುಳ್ಳ. ಕೇಳಿಸ್ಕೊಂಡು ನಿಂತದೆ ಬಾಗ್ಲಲ್ಲಿ."

ಬಾಗಿಲಿನಲ್ಲಿ ಗಂಟೆ ಒಂದು ಸಲ ಅಲುಗಿತು.

ದೀಪ ಹಚ್ಚುವ ಹೊತ್ತಿಗೆ ಬಸಪ್ಪ ತಾನಾಗಿಯೇ ಹೊರಟುಹೋದ. ಹೇಮಶ್ರೀಯ ಫೋನು ಬಂತು. ನಿಂಗರಾಜು ಫೋನನ್ನು ಕಿವಿಗಿಟ್ಟುಕೊಂಡು ಸುಮ್ಮನೆ ನಿಂತ. ಅತ್ತ ಕಡೆ ಅವಳು "ಏನ್ರೀ, ಮಾತಾಡಿ, ಕೇಳಿಸ್ತಾ ಇಲ್ಲ" ಅನ್ನುತ್ತಲೇ ಇದ್ದಳು. ಫೋನು ಕೆಳಗಿಟ್ಟವನು ಜಗುಲಿಗೆ ಹೋಗಿ ತಾತ ಕೂರುತ್ತಿದ್ದ ಮೂಲೆಯಲ್ಲಿ ಕೂತ. ಅಲ್ಲಿ ನೆಲದ ಗಾರೆ ಕೋಲಿನ ಪೆಟ್ಟಿಗೆ ಸವೆದು ಗುಳಿ ಬಿದ್ದಿದೆ. ಆ ಗುಳಿಯಲ್ಲಿ ಬೆರಳಿಟ್ಟುಕೊಂಡು ಕೂತ.

ಅದನ್ನು ನೋಡಿದಾಗಲೇ ನನ್ನ ಕೈ ಜೇಬಿಗೆ ಹೋದದ್ದು. ಅಚ್ಚುಬೆಲ್ಲ ಅಲ್ಲೇ ಇತ್ತು.

ಹೋರಿಯನ್ನು ಬೇಕಾದ ಕಡೆ ನಡೆಸುವುದು ನನ್ನ ಕಸುಬು. ಸಂತೆಯಲ್ಲಿ ಮೊಂಡುಬಿದ್ದ ಹೋರಿಗಳನ್ನು ಬೆಲ್ಲದ ಚೂರು ತೋರಿಸಿ ಶ್ರೀರಂಗಪಟ್ಟಣದಿಂದ ಕಾಶಿಯ ತನಕ ನಡೆಸಬಲ್ಲೆ. ಆದರೆ ಇದು ಸಂತೆಯ ಹೋರಿಯಲ್ಲ. ದೇವರ ಕಣ್ಣಿಗೆ ಬೆಲ್ಲ ಸವರಿದವನ ನಾಲಗೆ ಏನಾಗುತ್ತದೆಂದು ಯೋಚಿಸಿದೆ. ನನ್ನದೂ ನಾಲಗೆಯ ಮೇಲೆ ನಿಂತ ಬದುಕೇ. ಬೆಳಗಾಗುವ ತನಕ ನಾಲಗೆಯನ್ನು ಹಲ್ಲಿಗೆ ತಾಗಿಸಿ ತಾಗಿಸಿ, ಇದೆಯೇ ಎಂದು ನೋಡಿಕೊಂಡೆ.

ಬೆಳಿಗ್ಗೆ ಊರಿನ ಗಂಡಸರೆಲ್ಲ ಕಟ್ಟೆಯ ನೀರಿನಲ್ಲಿ ಮುಳುಗಿ ಎದ್ದು, ಒದ್ದೆ ಪಂಚೆಯಲ್ಲಿ, ಬರಿಮೈಯಲ್ಲಿ ಗುಡಿಯ ಮುಂದೆ ಸಾಲಾಗಿ ನಿಂತೆವು. ಹೆಂಗಸರು ದೂರದ ಹೊಂಗೆಮರದ ಕೆಳಗೆ. ಸಾಲಿನ ನಡುವೆ ನಿಂಗರಾಜು. ಹತ್ತಾಳು ಬಿಟ್ಟು ಕೊನೆಯಲ್ಲಿ ನಾನು. ಬೆಲ್ಲದ ಅಚ್ಚು ನನ್ನ ಪಂಚೆಯ ಸೊಂಟದ ಮಡಿಕೆಯಲ್ಲಿ. ಬಸಪ್ಪ ಬರಲಿ, ನನ್ನ ಹತ್ತಿರವೇ ಬರಲಿ, ಹುಡುಗ ಗುರುವಾರ ಹೋಗಿ ಪೀಠದ ಮೇಲೆ ಕೂರಲಿ. ಇಷ್ಟು ದೊಡ್ಡ ಕೆಲಸವನ್ನು ನಾಲ್ಕು ತಾಲ್ಲೂಕಿನಲ್ಲಿ ಇನ್ಯಾವನಾದರೂ ಮಾಡಿದ್ದಾನೆಯೇ ಎಂದು ಮನಸ್ಸಿನಲ್ಲೇ ಅಂದುಕೊಂಡು, ಅಚ್ಚು ಇದೆಯೇ ಎಂದು ಸೊಂಟ ಮುಟ್ಟಿ ನೋಡಿದೆ.

ಇರಲಿಲ್ಲ.

ಮಡಿಕೆ ಬಿಚ್ಚಿ ಬೆರಳು ಆಡಿಸಿದೆ. ಬರೀ ನೀರು. ಬೆಲ್ಲ ಕಟ್ಟಿಕೊಂಡು ಕಟ್ಟೆಯಲ್ಲಿ ಮುಳುಗಿದ್ದೆ. ಒಂದು ಸಲವಲ್ಲ, ಭಕ್ತಿ ಜಾಸ್ತಿಯಾಗಿ ಮತ್ತೆ ಮತ್ತೆ ಮುಳುಗಿದ್ದೆ. ಇಡೀ ಆಯುಸ್ಸು ಬೆಲ್ಲ, ನೀರು, ದನ ಎಂದು ಬದುಕಿದವನು ಬೆಲ್ಲ ನೀರಿಗೆ ಕರಗುತ್ತದೆಂಬುದನ್ನು ಮರೆತಿದ್ದೆ. ಆ ಕಟ್ಟೆಯ ಮೀನುಗಳು ಇವತ್ತಿಗೂ ಸಿಹಿಯಾಗಿವೆ ಎನ್ನುತ್ತಾರೆ.

ಅಷ್ಟರಲ್ಲಿ ಗಂಟೆ.

ಬಸಪ್ಪ ಸಾಲಿನ ಆ ತುದಿಯಿಂದ ಬಂದ. ಒಬ್ಬೊಬ್ಬರ ಮುಂದೆಯೂ ನಿಲ್ಲುತ್ತಿದ್ದ. ಅವನು ನಿಂತವರು ಕಣ್ಣು ಮುಚ್ಚುತ್ತಿದ್ದರು, ಅವನು ದಾಟಿದ ಮೇಲೆ ಅವರ ಹೊಟ್ಟೆಗಳು ಸಡಿಲವಾಗಿ ಇಳಿಯುತ್ತಿದ್ದವು. ನಿಂಗರಾಜುವಿನ ಮುಂದೆ ನಿಂತ. ಗಂಟೆಯ ಸದ್ದು ಪೂರ್ತಿ ನಿಂತುಹೋಯಿತು. ಅವನ ಎದೆ ಮೂಸಿದ, ಕತ್ತು ಮೂಸಿದ, ಬಾಯಿಯ ಹತ್ತಿರ ಮೂಗು ತಂದ. ಹೊಂಗೆಮರದ ಕೆಳಗೆ ಅಕ್ಕ ಕೂತುಬಿಟ್ಟಿದ್ದು ಕಂಡಿತು. ಮೇಲುಕೋಟೆಯ ಬೆಟ್ಟ ಎದ್ದು ನಡೆದು ಬಂದು ಆಮೇಲೆ ತನ್ನ ಜಾಗಕ್ಕೆ ವಾಪಸ್ಸು ಹೋಗುವಷ್ಟು ಹೊತ್ತು ಹಾಗೇ ನಿಂತ.

ಆಮೇಲೆ ಮುಂದೆ ನಡೆದ.

ನನಗೆ ಕುಣಿಯುವಷ್ಟು ಸಂತೋಷವಾಯಿತು. ಆ ಸಂತೋಷ ಮುಗಿಯುವ ಮೊದಲೇ ನನ್ನ ಕತ್ತಿನ ಮೇಲೆ ಬಿಸಿ ಉಸಿರು ಬಿತ್ತು. ಬಸಪ್ಪನ ಹಣೆ ನನ್ನ ಎದೆಗೆ ಒತ್ತಿತು. ಅದರ ಭಾರ ನಾನು ಎಣಿಸಿದಂತಿರಲಿಲ್ಲ. ಒಂದು ಮಗು ತಲೆಯಿಟ್ಟಷ್ಟೇ ಭಾರ. ಹಾಗಿದ್ದರೂ ತಡೆದು ನಿಲ್ಲಲಾಗಲಿಲ್ಲ. ಬೆಲ್ಲ ಇದ್ದಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ. ಬೆಲ್ಲ ಇರಲಿಲ್ಲ, ಅವನು ಬಂದಿದ್ದ. ಹಿಂದಕ್ಕೆ ಹಿಂದಕ್ಕೆ ಕಾಲಿಟ್ಟೆ. ಹಿಮ್ಮಡಿಗೆ ಗುಡಿಯ ಮೆಟ್ಟಿಲು ತಾಗಿತು.

ಯಾರೂ ಕರ್ಪೂರ ಹಚ್ಚಲಿಲ್ಲ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಚಿಕ್ಕಸ್ವಾಮಿ ಮುಂದೆ ಬಂದ.

"ಇವ್ನು ನಮ್ಮೂರೋನಲ್ಲ. ಅಕ್ಕನ ಮನೇಗೆ ಬಂದು ಸೇರ್ಕಂಡೋನು. ಸಾಲಲ್ಲಿ ನಿಂತ್ಕಂಡಿದ್ದೇ ತಪ್ಪು. ಇದು ಲೆಕ್ಕಕ್ಕಿಲ್ಲ. ನಿನ್ನೆ ಆಗಿದ್ದೇ ಖಾಯಂ."

"ಬಾಯ್ತೆಗುದ್ರೆ ಬೊಗಳೆ ಬುಡೋನು ಗುಡ್ಡಪ್ಪ ಆಯ್ತಾನಾ" ಎಂದು ಹಿಂದಿನಿಂದ ಯಾರೋ ಅಂದರು. ಅಲ್ಲಲ್ಲಿ ಹೌದು ಹೌದು ಎನ್ನುವುದು ಕೇಳಿಸಿತು. ಬಸಪ್ಪ ಕದಲಲಿಲ್ಲ. ಜನರ ಕಣ್ಣು ಮತ್ತೆ ನಿಂಗರಾಜುವಿನ ಕಡೆ ತಿರುಗಿತು.

ನಿಂಗರಾಜು ಸಾಲಿನಿಂದ ಹೊರಗೆ ಬಂದ. ಬಾಯಿ ತೆರೆದ. ಮೊದಲು ಬರೀ ಗಾಳಿ ಬಂತು. ಗಂಟಲು ಒತ್ತಿ ಹಿಡಿದು ಮತ್ತೆ ತೆರೆದ.

"ಯಜಮಾನ್ರೇ, ನಾನು ಆ ದೇಶಕ್ಕೆ ಓದಾಗ ಚಳೀಗೆ ನೆಟ್ಟಗೊಂದು ಕೋಟಿರ್ಲಿಲ್ಲ. ಅವ್ರ ಎಂಜಲು ತಟ್ಟೆ ತೊಳ್ದಿವ್ನಿ. ಇವತ್ತು ಅವ್ರೇ, ನಮ್ ಜಗಳಾನೆಲ್ಲ ನಿನ್ ಮುಂದೆ ಇಡ್ತೀವಿ, ನೀನೇ ತೀರ್ಮಾನ ಮಾಡು ಅಂತಾವ್ರೆ. ಬಂದೋನು ಅಂತ ಅವ್ರು ಅಂದಿದ್ರೆ ನಾನು ಇನ್ನೂ ತಟ್ಟೇನೆ ತೊಳೀತಿದ್ದೆ. ನಮ್ಮಾವ ಈ ಊರ್ಗೆ ಬಂದಾಗ ನಂಗೆ ಆರು ವರ್ಷ. ಈಗ ನನ್ ತಲೆ ನೆರೆತದೆ. ಇನ್ನೆಷ್ಟು ವರ್ಷ ಇದ್ರೆ ಊರೋನಾಯ್ತಾನೆ, ನೀವೇ ಯೋಳಿ. ಇಲ್ಲಾಂದ್ರೆ ಬಸಪ್ಪ ತಪ್ಪು ಮಾಡ್ತು ಅಂತ ಯೋಳಿ. ಯೋಳೋರು ಮುಂದಕ್ಕೆ ಬನ್ನಿ."

ಯಾರೂ ಮುಂದಕ್ಕೆ ಬರಲಿಲ್ಲ. ಚಿಕ್ಕಸ್ವಾಮಿ ಬಸಪ್ಪನನ್ನು ನೋಡಿದ, ನನ್ನನ್ನು ನೋಡಿದ, ಬಲು ಬೇಸರದಿಂದ ಟವೆಲು ಸೊಂಟಕ್ಕೆ ಸುತ್ತಿಕೊಂಡ. ನಿಂಗರಾಜು ಜಡ್ಜಾದದ್ದು ಆಗಲೇ, ಕೆನಡಾಕ್ಕಿಂತ ಮುಂಚೆ. ಅವನ ಮೊದಲ ತೀರ್ಪಿನಲ್ಲಿ ಅವನಿಗೆ ಬಿಡುಗಡೆಯಾಯಿತು, ನನಗೆ ಸಾಯುವ ತನಕ ಶಿಕ್ಷೆಯಾಯಿತು.

ಹೊರಡುವ ದಿನ ನಿಂಗರಾಜು ನನ್ನ ಬರಿಗಾಲು ಮುಟ್ಟಿ ನಮಸ್ಕಾರ ಮಾಡಿದ. ಗುರುವಾರ ಪೀಠದ ಮೇಲೆ ಕೂತ ಫೋಟೋ ಬಂತು. ಅಕ್ಕ ಅದನ್ನು ದೇವರ ಪಟದ ಪಕ್ಕ ಹಾಕಿಸಿದ್ದಾಳೆ. ನಾನು ಸಂತೆಗಳನ್ನು ಬಿಟ್ಟೆ. ನಾಲ್ಕು ತಾಲ್ಲೂಕಿನ ಹೋರಿಗಳು ಅತ್ತವಂತೆ.

ಮೊನ್ನೆ ಅವನು ಫೋನು ಮಾಡಿದ್ದ. ಹೊರಗಿನಿಂದ ಬಂದು ಸೇರಿದ ಒಬ್ಬನ ಕೇಸು, ನಾಳೆ ತೀರ್ಪು ಕೊಡಬೇಕು ಎಂದ. "ಬಾಯಿ ಒಣಗ್ತದೆ ಮಾವ. ಕತ್ತಿನ್ಮೇಲೆ ಯಾರೋ ಉಸಿರು ಬುಟ್ಟಂಗಾಯ್ತದೆ" ಎಂದ.

"ಆಗ್ಲಿ ಬುಡು. ಇಲ್ಲೂ ಆಯ್ತದೆ" ಅಂದೆ.

ಅವತ್ತು ಸಂಜೆ ಗುಡಿಯ ಜಗುಲಿಯಲ್ಲಿ ಅಕ್ಕ ನನಗೆ ಊಟ ತಂದಿಟ್ಟಳು. ಮುದ್ದೆ ಮುರಿಯುವಾಗ ಎದುರಿಗೆ ಕೂತು ಕೇಳಿದಳು. "ಲೋ ಕುಳ್ಳ, ಅವತ್ತು ಬೆಳಿಗ್ಗೆ ನೀನು ಸೊಂಟ ತಡಕಾಡ್ತಾ ಇದ್ದೆ. ನಾನು ಮರದ ಕೆಳಗಿಂದ ನೋಡ್ದೆ. ಸೊಂಟದಲ್ಲಿ ಏನಿತ್ತು?"

ಕನ್ನಂಬಾಡಿಯ ಮೊಸಳೆಯಿಂದ ಹಿಡಿದು ಹತ್ತು ಉತ್ತರಗಳು ಬಾಯಿಗೆ ಬಂದವು. ಒಂದನ್ನೂ ಆಚೆ ಬಿಡಲಿಲ್ಲ.

"ಬೆಲ್ಲ ಇತ್ತು ಕಣಕ್ಕ. ನೀರಿಗಿಳಿಯೋ ತಂಕ."

"ಆಮೇಲೆ?"

"ಆಮೇಲೆ ಇರ್ಲಿಲ್ಲ."

ಅಕ್ಕ ನನ್ನ ಮುಖವನ್ನೇ ನೋಡಿದಳು. ಗುಡಿಯ ಹಿಂದಿನಿಂದ ಗಂಟೆಯ ಸದ್ದು ಬಂತು, ಹತ್ತಿರವಾಯಿತು. ನಾನು ಮುದ್ದೆ ಕೆಳಗಿಟ್ಟು, ಕೈ ತೊಳೆದುಕೊಂಡು ಎದ್ದು, ಅಂಗೈ ಚಾಚಿ ನಿಂತೆ.